ಇನ್ನೊಂದು ಸರದಿ

ಅವನಿಗೆ ಸೂಜಿ ಎಂಬ ಹೆಸರು ಬಿದ್ದದ್ದು ಕೆಲಸದಿಂದಲ್ಲ. ಅವನದು ಗಾಡಿಗಳ ಸೀಟಿಗೆ ಹೊದಿಕೆ ಹಾಕುವ ಕುಶನ್ ಅಂಗಡಿ, ನಿಜ. ಆದರೆ ಆ ಅಂಗಡಿಯಲ್ಲಿ ಸೂಜಿ ಮುಟ್ಟುತ್ತಿದ್ದವಳು ಅವನ ಹೆಂಡತಿ. ಅವನು ಹಳೆಯ ರೆಕ್ಸಿನ್ ಕಿತ್ತು, ಫೋಮ್ ಕೂರಿಸಿ, ಅವಳು ಹೊಲಿದು ಕೊಟ್ಟದ್ದನ್ನು ಎಳೆದು ಬಿಗಿಯುವವನು. ಹೆಸರು ಬಂದದ್ದು ನಾಲಿಗೆಯಿಂದ. ಎಂಥ ಮನುಷ್ಯನಿಗಾದರೂ ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂಬುದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾದ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ.

ಈ ವಿದ್ಯೆಗೆ ಅವನು ಸಾಣೆ ಹಿಡಿದದ್ದು ವಿಡಿಯೋ ಗೇಮಿನಲ್ಲಿ. ಸಂಜೆ ಅಂಗಡಿ ಮುಚ್ಚಿ ಬಂದವನೇ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ನಾಲ್ವರ ಪಡೆ ಕಟ್ಟಿಕೊಂಡು, ಕಾಡು ಕೋಟೆ ಅಲೆದು, ಎದುರಾದ ರಾಕ್ಷಸರನ್ನು ಬಡಿಯುವ ಆಟ ಅದು. ಒಬ್ಬರಾದ ಮೇಲೆ ಒಬ್ಬರು, ಸರದಿಯ ಪ್ರಕಾರ ಹೊಡೆಯಬೇಕು. ಒಬ್ಬ ರಾಕ್ಷಸನಿಗೆ ಬೆಂಕಿ ಆಗದು, ಇನ್ನೊಬ್ಬನಿಗೆ ಹಿಮ, ಮತ್ತೊಬ್ಬನಿಗೆ ಸಿಡಿಲು. ಆಗದ್ದನ್ನೇ ಹುಡುಕಿ ಹೊಡೆದರೆ ಅವನು ಮಕಾಡೆ ಬೀಳುತ್ತಾನೆ. ಬಿದ್ದರೆ ಹೊಡೆದವನಿಗೆ ಬಹುಮಾನವಾಗಿ ಇನ್ನೊಂದು ಸರದಿ. ಬಿದ್ದವನು ಏಳುವ ಮೊದಲೇ ಮತ್ತೆ ಬಾರಿಸಬಹುದು.

"ನೋಡಿಲ್ಲಿ," ಎಂದು ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಹೇಳುವನು. "ಮೊದ್ಲು ಎಲ್ಲಾನೂ ಸ್ವಲ್ಪ ಸ್ವಲ್ಪ ಎಸೆದು ನೋಡ್ಬೇಕು. ಯಾವ್ದಕ್ಕೆ ಮುಖ ಕಿವುಚ್ತಾನೋ ಅದನ್ನ ಹಿಡ್ಕೋಬೇಕು. ಆಮೇಲೆ ಬಿಡಬಾರ್ದು. ಬಿಟ್ಟವನು ಕತ್ತೆ."

ಅವಳು "ಹ್ಞೂಂ" ಎನ್ನುವಳು.

ಮನುಷ್ಯರ ಮೇಲೂ ಅದೇ ಲೆಕ್ಕ. ಹೊಸಬ ಸಿಕ್ಕರೆ ಮೊದಲು ಅವನ ರೂಪದ ಮೇಲೊಂದು ಮಾತು, ಆಮೇಲೆ ಓದಿನ ಮೇಲೆ, ಆಮೇಲೆ ಮನೆತನದ ಮೇಲೆ. ಎಲ್ಲಿ ಮುಖ ಕಪ್ಪಿಟ್ಟಿತೋ ಅಲ್ಲೇ ದಬದಬ. ಒಡಹುಟ್ಟಿದ ತಮ್ಮ ಪರೀಕ್ಷೆಯಲ್ಲಿ ಫೇಲಾದ ಮಾತೆತ್ತಿ ಎತ್ತಿ ಹೊಡೆದ. ತಮ್ಮ ಈ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ. ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುತ್ತಿದ್ದ ಕಟಿಂಗ್‌ನವನಿಗೆ ಉಗ್ಗು ಇತ್ತು. ಸೂಜಿಗೆ ಅಷ್ಟು ಸಾಕಲ್ಲ! ಗಿರಾಕಿಗಳ ಮುಂದೆಯೇ "ಕ-ಕ-ಕತ್ರಿ ಎಲ್ಲಪ್ಪಾ?" ಎಂದು ಅಣಕಿಸುವನು, ಗಿರಾಕಿಗಳು ಕಿಸಿಕಿಸಿ ನಗುವರು. ಒಂದು ದಿನ ಕಟಿಂಗ್‌ನವನು ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟುಹೋಗಿ, ಸರಿಯಾಗಿ ರಸ್ತೆಯ ಆಚೆ ಬದಿಯಲ್ಲೇ ತನ್ನದೊಂದು ಅಂಗಡಿ ತೆರೆದ. ಅದನ್ನು ನೋಡಿದಾಗಲೆಲ್ಲ ಸೂಜಿಗೆ ಮೈಯೆಲ್ಲ ಉರಿ.

ಬೀಳದೆ ಉಳಿದವಳು ಹೆಂಡತಿ ಒಬ್ಬಳೇ. ಹಾಗಂತ ಅವನೇನು ಪ್ರಯತ್ನ ಬಿಟ್ಟಿರಲಿಲ್ಲ. ಅವಳ ಉಬ್ಬುಹಲ್ಲು, ಅವಳ ತವರು, ಅವಳ ಕೈ ಅಡುಗೆ, ಮದುವೆಯಾದ ಲಾಗಾಯ್ತಿನಿಂದ ಒಂದೊಂದನ್ನೂ ಎಸೆದು ನೋಡಿದ್ದ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. "ಗೋಡೆ ಕಣ್ರೋ ಇವಳು, ಬರೀ ಗೋಡೆ," ಎಂದು ಬಂದವರ ಮುಂದೆಲ್ಲ ಹಲ್ಲು ಕಡಿಯುತ್ತಿದ್ದ. ಪುಣ್ಯಾತ್ಮನಿಗೆ ಅದೊಂದು ದೊಡ್ಡ ಅವಮಾನ.

ಹೀಗಿರುವಾಗ ಒಂದು ಮಧ್ಯಾಹ್ನ ಮಷಿನ್ ತುಳಿಯುತ್ತಲೇ ಅವಳೆಂದಳು: "ಎದುರುಗಡೆ ಅಂಗಡಿಗೆ ಹೊಲಿಯೋಕೆ ಬಾ ಅಂತ ಕರೆದಿದಾರೆ. ನಾಳೆ ಹೇಳ್ತೀನಿ ಅಂದಿದೀನಿ."

ಸೂಜಿ ಕೈಯಲ್ಲಿದ್ದ ಫೋಮನ್ನು ಕೆಳಗಿಟ್ಟ. ಅವಳು ಹೋದರೆ ಅಂಗಡಿಗೆ ಬಾಗಿಲು ಹಾಕಿದಂತೆಯೇ. ಅವನ ಕೈಗೆ ಹೊಲಿಗೆ ಬಾರದು. ಸೀಟು ಮಾಡಿಸುವ ಬಸ್ಸಿನವರು ಅವನ ನಾಲಿಗೆಯನ್ನು ಸಹಿಸಿಕೊಂಡು ಬರುತ್ತಿದ್ದದ್ದೇ ಅವಳ ಹೊಲಿಗೆಗೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಹೋಗಬೇಡ" ಎನ್ನಲು ಎಷ್ಟು ಹೊತ್ತು ಬೇಕು? ಆ ಒಂದು ಮಾತು ಬಾಯಿಗೆ ಬರಬೇಕಲ್ಲ! ಹಾಳಾದವನು ಬೇರೆಯದನ್ನು ಹುಡುಕತೊಡಗಿದ. ಎಲ್ಲೋ ಒಂದು ಕಡೆ ಇವಳಿಗೂ ನೋಯಲೇಬೇಕು, ಅಲ್ಲಿ ಹೊಡೆದರೆ ಕುಸಿದು ಇಲ್ಲೇ ಕೂರುತ್ತಾಳೆ ಎಂದು ಲೆಕ್ಕ ಹಾಕಿದ.

"ಆ ಉಗ್ಗನ ಹತ್ರ ಕೂಲಿಗೆ ಹೋಗ್ತೀಯಾ? ನಾಚಿಕೆ ಆಗಲ್ವಾ?"

ಮಷಿನ್ ಕಟಕಟ ನಡೆಯುತ್ತಲೇ ಇತ್ತು.

"ಈ ವಯಸ್ಸಲ್ಲಿ, ಆ ಸೋಡಾಗ್ಲಾಸು ಕನ್ನಡಕ ಇಟ್ಕೊಂಡು? ಎರಡೇ ದಿನ. ಆಮೇಲೆ ಕತ್ತು ಹಿಡಿದು ನೂಕ್ತಾನೆ."

ಅವಳು ರೆಕ್ಸಿನ್ ತಿರುಗಿಸಿ ಮೂಲೆ ಹೊಲಿದಳು.

"ನಿಮ್ಮನೆಯೋರ ಬುದ್ಧಿನೇ ಇಷ್ಟು. ಉಂಡ ಮನೆಗೆ ಎರಡು ಬಗೆಯೋದು."

ಊಹೂಂ. ಆಗ ಅವನು, ಯಾವತ್ತೂ ಬಳಸದೆ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ ಒಂದನ್ನು ಹೊರತೆಗೆದ. ಅವಳ ಅಪ್ಪನೂ ಹೊಲಿಗೆಯವನೇ, ಅವಳಿಗೆ ಕೆಲಸ ಕಲಿಸಿದವನು. ಅವನು ಆಸ್ಪತ್ರೆಯಲ್ಲಿ ಮಲಗಿ ಮಗಳು ಎಲ್ಲಿ, ಮಗಳು ಎಲ್ಲಿ ಎಂದು ಕನವರಿಸುತ್ತಿದ್ದಾಗ, "ಬಸ್ಸಿನ ಸೀಟು ಮುಗಿಸಿ ಹೋಗು" ಎಂದು ಅವಳನ್ನು ತಡೆದವನು ಬೇರೆ ಯಾರೂ ಅಲ್ಲ, ಈ ಸೂಜಿಯೇ. ಸೀಟು ಮುಗಿಯುವ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ದ.

"ನಿಮ್ಮಪ್ಪ ಕೊನೇ ತನಕ ಬಾಗಿಲೇ ನೋಡ್ತಿದ್ನಂತೆ," ಎಂದ. "ಹೆತ್ತಪ್ಪನಿಗೇ ಆಗದೋಳು ಇನ್ಯಾರಿಗೆ ಆಗ್ತೀಯ?"

ಥೂ, ಅವನ ಬಾಯಿಗಿಷ್ಟು! ಅಷ್ಟು ಹೇಳಿ, ಟೀವಿ ನೋಡುವ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತ.

ಅವಳು ಹೊಲಿಗೆಯ ಕೊನೆಯ ತನಕ ಹೋಗಿ ನಿಲ್ಲಿಸಿದಳು. ದಾರ ಕತ್ತರಿಸಿ, ಕವರನ್ನು ಮಡಿಸಿ ಅವನ ಕೈಗಿಟ್ಟಳು. ಹೊಲಿಗೆ ನೆಟ್ಟಗೇ ಇತ್ತು. ಆಮೇಲೆ ಕನ್ನಡಕ ಒರೆಸಿಕೊಂಡು, ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡಳು.

"ಎಲ್ಲಿಗೆ?"

"ಎದುರುಗಡೆಗೆ. ನಾಳೆ ತನಕ ಯಾಕೆ, ಬರ್ತೀನಿ ಅಂತ ಈಗ್ಲೇ ಹೇಳಿಬಿಡ್ತೀನಿ."

"ಏಯ್, ನಿಲ್ಲೇ! ಇಷ್ಟು ದಿನ ಏನೂ ತಾಗದೋಳು ಈಗ ಯಾಕೆ ಹೊರಟೆ? ಯಾವ್ದು ತಾಗ್ತು, ಅದನ್ನ ಹೇಳಿ ಹೋಗು."

ನೋಡಿ, ಅಂಗಡಿ ಮುಳುಗುತ್ತಿರುವಾಗಲೂ ಅವನಿಗೆ ಬೇಕಾಗಿದ್ದದ್ದು ಅದೇ.

ಅವಳು ಹೊಸ್ತಿಲಲ್ಲಿ ತಿರುಗಿ ನಿಂತಳು. "ಎಲ್ಲಾನೂ ತಾಗ್ತಿತ್ತು ಕಣ್ರೀ. ಹಲ್ಲಿನ ಮಾತು, ತವರಿನ ಮಾತು, ಮೊದಲನೇ ದಿನದಿಂದ ಒಂದೂ ಬಿಡದ ಹಾಗೆ."

"ಮತ್ತೆ ಒಂದು ದಿನಾನೂ ತೋರಿಸ್ಲಿಲ್ಲ?"

"ದಿನಾ ಪಕ್ಕದಲ್ಲೇ ಕೂತು ನಿಮ್ಮ ಆಟ ನೋಡಿಲ್ವಾ ನಾನು? ಬಿದ್ರೆ ನಿಮಗೆ ಇನ್ನೊಂದು ಸರದಿ ಸಿಗ್ತಿತ್ತು. ಅದಕ್ಕೇ ಬೀಳ್ಲಿಲ್ಲ."

ಅವಳು ಎರಡೂ ಕಡೆ ನೋಡಿ ರಸ್ತೆ ದಾಟಿದಳು. ಎದುರಿನ ಅಂಗಡಿಯಲ್ಲಿ ಕಟಿಂಗ್‌ನವನು ಧಡಕ್ಕನೆ ಎದ್ದು ನಿಂತು "ಬ-ಬ-ಬನ್ನಿ ಅಕ್ಕಾ" ಎಂದದ್ದು ಇಲ್ಲಿಯ ತನಕ ಕೇಳಿಸಿತು. ಅಣಕಿಸಲು ಸೂಜಿಯ ಬಾಯಿ ತಾನಾಗಿಯೇ ತೆರೆಯಿತು. ಕೇಳಿ ನಗಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.