ಕಿಟಕಿ ಪಕ್ಕದ ಕುರ್ಚಿಗೆ ವೋಟು

ನಮ್ಮ ಚಿಕ್ಕಮ್ಮನಿಗೆ ಏನನ್ನೂ ನೇರವಾಗಿ ಕೇಳಿ ಅಭ್ಯಾಸವಿಲ್ಲ. ಕೊಡೆ ಬೇಕಿದ್ದರೆ ಮೋಡದ ಮಾತು ತೆಗೆಯುವ ಹೆಂಗಸು.

ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕ ಕೂರುತ್ತಿದ್ದ ಕಟಿಂಗ್ ಮಾಸ್ತರು ಕೆಲಸ ಬಿಟ್ಟಾಗ ಕುರ್ಚಿ ಖಾಲಿಯಾಯಿತು. ಚಿಕ್ಕಮ್ಮನ ಕಣ್ಣು ಮಂಜಾಗುತ್ತಿತ್ತು. ಹಾಗೆಂದು ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದವಳನ್ನು ಯಾವ ಯಜಮಾನ ಇಟ್ಟುಕೊಂಡಾನು? ಅದಕ್ಕೇ, "ವೋಟು ಹಾಕೋಣ, ನ್ಯಾಯವಾಗಿರತ್ತೆ" ಎಂದಳು.

ಚಿಕ್ಕಮ್ಮನೂ ಸೇರಿ ಹೊಲಿಯುವ ನಾಲ್ವರೂ ಚೀಟಿ ಬರೆದರು. ನಾಲ್ವರಿಗೂ ಒಂದೊಂದೇ ವೋಟು. ಎಲ್ಲರೂ ತಮಗೆ ತಾವೇ ಹಾಕಿಕೊಂಡಿದ್ದರು.

"ಕಡಿಮೆ ಬಂದೋರನ್ನ ಒಬ್ಬೊಬ್ಬರಾಗಿ ಕೈಬಿಡೋಣ," ಎಂದ ಶರಟು ಹೊಲಿಯುವವನು.

"ಎಲ್ಲರಿಗೂ ಒಂದೇ ಬಂದಿದೆಯಲ್ಲಪ್ಪಾ, ಮೊದಲು ಯಾರನ್ನ ಬಿಡೋದು? ನಿನ್ನನ್ನೇ?" ಎಂದಳು ಫ್ರಾಕು ಹೊಲಿಯುವ ಅಕ್ಕ.

"ಒಪ್ಪಿಗೆ ಇರೋ ಎಲ್ಲರ ಹೆಸರೂ ಬರೆಯೋಣ್ವಾ?" ಎಂದ ಪ್ಯಾಂಟಿನವನು.

"ನನ್ನನ್ನ ಬಿಟ್ರೆ ನನಗೆ ಯಾರೂ ಒಪ್ಪಿಗೆಯಿಲ್ಲ," ಎಂದಳು ಅದೇ ಅಕ್ಕ.

ಆಗ ಚಿಕ್ಕಮ್ಮ ದಾಳ ಉರುಳಿಸಿದಳು. ವೋಟು ಹಾಕುವ ಎಲ್ಲರ ಹೆಸರನ್ನೂ ಇಷ್ಟದ ಕ್ರಮದಲ್ಲಿ ಬರೆಯುವುದು. ಮೇಲಿದ್ದಷ್ಟೂ ಅಂಕ ಹೆಚ್ಚು. "ಇಸ್ತ್ರಿಯಣ್ಣನನ್ನೂ ಸೇರಿಸ್ಕೊಳ್ಳಿ. ಅವನೇನು ನಮ್ಮೋನಲ್ವಾ?" ಹೊಲಿದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವನೇ ದಿನವೂ ಅವಳ ಸೂಜಿಗೆ ಗುಟ್ಟಾಗಿ ದಾರ ಪೋಣಿಸಿಕೊಡುತ್ತಿದ್ದವನು. ಅವನ ಚೀಟಿಯಲ್ಲಿ ಮೊದಲ ಹೆಸರು ತನ್ನದೇ ಎಂಬುದು ಅವಳ ಲೆಕ್ಕಾಚಾರ.

ಅದು ತಪ್ಪಲಿಲ್ಲ. ಆದರೆ ಉಳಿದವರೇನು ಕಡಿಮೆ ಕಿಲಾಡಿಗಳೇ? ಮೊದಲು ತಮ್ಮ ಹೆಸರು, ಪೈಪೋಟಿಗಿದ್ದವರೆಲ್ಲ ತಳಕ್ಕೆ. ದಿನವಿಡೀ ನಿಂತೇ ಕೆಲಸ ಮಾಡುವ ಇಸ್ತ್ರಿಯಣ್ಣನಿಂದ ಯಾರಿಗೂ ಭಯವಿಲ್ಲ, ಅವನು ಎಲ್ಲರ ಚೀಟಿಯಲ್ಲೂ ಎರಡನೆಯವನು. ಚಿಕ್ಕಮ್ಮನೂ ಹಾಗೇ ಬರೆದಿದ್ದಳು. ಕೂಡಿ ನೋಡಿದರೆ, ಕುರ್ಚಿಯೇ ಬೇಡದವನು ಕುರ್ಚಿ ಗೆದ್ದಿದ್ದ! ಚಿಕ್ಕಮ್ಮನ ಮುಖ ಸಪ್ಪಗಾಯಿತು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಇಸ್ತ್ರಿಯಣ್ಣ ಪೆಟ್ಟಿಗೆ ಕೆಳಗಿಟ್ಟು ಚಿಕ್ಕಮ್ಮನತ್ತ ತಿರುಗಿ ಹೇಳಿದ: "ಗೆದ್ದೋನು ನಾನು. ಜಾಗ ಯಾರಿಗೆ ಕೊಡ್ಬೇಕು ಅನ್ನೋದು ನನ್ನಿಷ್ಟ. ಅಕ್ಕಾ, ನೀವು ಹೋಗಿ ಅಲ್ಲಿ ಕೂತ್ಕೊಳ್ಳಿ. ನನ್ನ ಪಕ್ಕದಲ್ಲೇ ಕೂತು ದಿನಾ ತಲೆ ತಿಂತೀರ. ನನಗೂ ಸ್ವಲ್ಪ ನೆಮ್ಮದಿ ಬೇಡ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಕಣ್ಣಿನ ಗುಟ್ಟು ರಟ್ಟಾಗಲಿಲ್ಲ. ಚಿಕ್ಕಮ್ಮ ಮುನಿಸಿಕೊಂಡವಳಂತೆ ದಾಪುಗಾಲು ಹಾಕಿ ಹೋಗಿ ಕೂತಳು.

ಮರುವರ್ಷ ಶರಟಿನವನು, "ಮತ್ತೆ ವೋಟು ಹಾಕೋಣ್ವಾ?" ಎಂದು ರಾಗ ತೆಗೆದ. ಚಿಕ್ಕಮ್ಮ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾನೇ ದಾರ ಪೋಣಿಸುತ್ತಾ, "ಯಾವ ಪದ್ಧತೀಲೂ ಒಂದಲ್ಲ ಒಂದು ಐಬು ಇದ್ದೇ ಇರತ್ತೆ ಕಣಪ್ಪಾ, ಸುಮ್ನೆ ಕೆಲಸ ನೋಡು," ಎಂದಳು.