ಕುಬೇರಪ್ಪ ತೋರಿಸದೆ ದಾಟಿಸಿದ ಮನೆ

ನಲವತ್ತೆರಡರ ಚಲೇಜಾವ್ ಚಳವಳಿಯ ಗದ್ದಲಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ಹಳೇಹುಬ್ಬಳ್ಳಿಯ ಕುಬೇರಪ್ಪನಿಗೆ ವೃತ್ತಿ ಅರಳೆಯ ದಲಾಲಿ, ಚಟ ಓಣಿ ತೋರಿಸುವುದು. ಅವನ ಮನೆಗೆ ಬಂದವರು ಚಹಾ ಕುಡಿಯದೆ ಹೋಗಬಹುದಿತ್ತು, ಓಣಿ ಸುತ್ತದೆ ಹೋಗುವಂತಿರಲಿಲ್ಲ. ಸಾವಜಿಯವರು ಬಂದು ಮಗ್ಗ ಹೂಡಿದ್ದು, ಮಾರವಾಡಿ ಸೇಟಜಿ ಅರಳೆಯ ಬೆನ್ನುಹತ್ತಿ ಬಂದು ಮಹಡಿ ಎಬ್ಬಿಸಿದ್ದು, ಮಿಠಾಯಿಯ ಮರಾಠನು ಅಣ್ಣನೊಡನೆ ಜಗಳಾಡಿ ಪುಣೆ ಬಿಟ್ಟದ್ದು, ಎಲ್ಲವನ್ನೂ ತಾನೇ ಎದುರು ನಿಂತು ನೋಡಿದವನಂತೆ ಹೇಳುತ್ತಿದ್ದ. ಇಸವಿ ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ಈ ತಿರುಗಾಟಕ್ಕೆಲ್ಲ ಕಳಸವೆಂದರೆ ಓಣಿಯ ಮುಸಲ್ಮಾನ ಹೆಂಗಸು ಗುಲ್ಜಾರಬಿಯ ಮನೆಕಟ್ಟೆ. ಕುಬೇರಪ್ಪನ ಹಸುಗೂಸಿಗೆ ಜ್ವರ ಏರಿ ಡಾಕ್ಟರು ಕೈಚೆಲ್ಲಿದಾಗ, ಈಕೆಯೇ ಕೂಸನ್ನು ಎತ್ತಿಕೊಂಡು ಹೋಗಿ ಮೊಹರಮ್ಮಿನ ಅಲಾಯಿ ದೇವರ ಮುಂದೆ ಮಲಗಿಸಿ, ಸಕ್ಕರೆ ಓದಿಸಿ, ಹರಕೆ ಹೊತ್ತು ಕೊರಳಿಗೆ ಕೆಂಪು ಲಾಡಿಯ ದಾರ ಕಟ್ಟಿದ್ದಳು. ಕೂಸು ಉಳಿಯಿತು. ಹರಕೆಯಂತೆ ಫಕೀರವ್ವ ಎಂದು ಹೆಸರಿಟ್ಟರು. ಇದನ್ನು ಹೇಳುವಾಗ ಕುಬೇರಪ್ಪ ಪ್ರತಿಸಲವೂ ಕೂಸು ಉಳಿದ ಮಾತಿಗೆ ಬಂದು ಅಳುತ್ತಿದ್ದ. ಗುಲ್ಜಾರಬಿ ಹೊರಬಂದು, ಸೆರಗನ್ನು ಉಂಡೆಮಾಡಿ ಎದೆಗವಚಿ, ಕೂಸನ್ನು ಹೇಗೆ ಹಿಡಿದಿದ್ದಳೆಂದು ತೋರಿಸುತ್ತಿದ್ದಳು.

ಲಗ್ನದ ವಯಸ್ಸಿಗೆ ಬಂದ ಆ ಫಕೀರವ್ವನನ್ನು ನೋಡಲು ಬ್ಯಾಡಗಿಯಿಂದ ಗಂಡಿನ ತಂದೆ ಸಿದ್ದಪ್ಪ ಬಂದ. ಮೆಣಸಿನಕಾಯಿಯ ದೊಡ್ಡ ವ್ಯಾಪಾರಿ, ಹಣೆತುಂಬ ವಿಭೂತಿ, ಆಚಾರಕ್ಕೆ ಹೆಸರಾದ ಮನೆತನ.

"ಹುಡಿಗಿ ಹೆಸರೇನ್ರಿ?"

"ಪಾರ್ವತೆವ್ವ," ಎಂದುಬಿಟ್ಟ ಕುಬೇರಪ್ಪ. ಒಳಗೆ ಹೆಂಡತಿ ದಾನವ್ವನ ಕೈಯಿಂದ ತಾಟು ಜಾರಿತು.

"ನೀವು ಓಣಿ ಭಾಳ ಛಲೋ ತೋರಸ್ತೀರಂತ. ನಡೀರಿ, ಊಟದ ಹೊತ್ತಿಗೆ ಬರೂಣು," ಎಂದು ಸಿದ್ದಪ್ಪನೇ ಎದ್ದ.

ಮಗ್ಗ, ಮಹಡಿ, ಮಿಠಾಯಿ ಮುಗಿದವು. ಕಟ್ಟೆಯ ಮೇಲೆ ಗುಲ್ಜಾರಬಿ ಸೆರಗನ್ನು ಉಂಡೆಮಾಡಿಕೊಂಡು ಆಗಲೇ ತಯಾರಾಗಿ ನಿಂತಿದ್ದಳು.

"ಇದ್ಯಾರ ಮನೀರಿ?"

"ಯಾರೋ ಇರ್ತಾರ್ರಿ. ಬರ್ರಿ ಬೀಗರ, ಬಿಸಲಾತು."

ಇನ್ನೂ ಗೊತ್ತಾಗದ ಸಂಬಂಧಕ್ಕೆ 'ಬೀಗರ' ಎಂದದ್ದಕ್ಕೆ ಸಿದ್ದಪ್ಪ ನಕ್ಕ. ಗುಲ್ಜಾರಬಿ ಸೆರಗು ಕೊಡವಿಕೊಂಡು ಒಳಗೆ ಹೋದಳು. ಕುಬೇರಪ್ಪ ಹಿಂದೆ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ದಾರಿಯುದ್ದಕ್ಕೂ ಸುಡುತ್ತಿತ್ತು.

ಊಟದ ಮೇಲೆ ಮಾತು ಬೆಳೆದು, ಹೊತ್ತಿಳಿಯುವಾಗ ಸಂಬಂಧ ಕುದುರಿತು. ಎಲೆಅಡಿಕೆ ತರುವ ನೆವ ಹೇಳಿ ಕುಬೇರಪ್ಪ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಗುಲ್ಜಾರಬಿ ಅಕ್ಕಿ ಹಸನು ಮಾಡುತ್ತಿದ್ದಳು.

"ಯಕ್ಕಾ, ಸಿಟ್ಟಾಗೀಯೇನ?"

"ಸಿಟ್ಟ್ಯಾಕೋ ಕುಬೇರಾ? ನೀವು ಉಂಡು ಮಾತಿಗೆ ಕುಂತಾಗ ದಾನವ್ವ ಬಂದು ಎಲ್ಲಾ ಹೇಳಿ ಅತ್ತು ಹೋದ್ಲು. ನೀ ಏನೋ ಹೆಸರ ಹೇಳಿ ಬಿಟ್ಟಿ, ಓಣಿ ಬಾಯಿ ಕಟ್ಟಾವರ್ಯಾರು? ನಾನ ಮನಿ ಮನಿ ತಿರುಗಿ ಬಂದೆ. ಲಗ್ನ ಆಗೂತನಕ ಎಲ್ಲಾರೂ ಪಾರವ್ವ ಅಂತನ ಕರೀತಾರ. ಆ ಮಿಠಾಯಿಯಂವ ಒಬ್ಬ ಮರ್ತಾನು. ಅವಂಗ ನೀನೂ ಒಂದ ಮಾತ ಹಾಕು."

"ನೀನ... ಮನಿ ಮನಿ ತಿರುಗಿದ್ಯಾ?"

"ಮತ್ತ? ನನ್ನ ಕೂಸಿನ ಲಗ್ನ ಮುರೀಬೇಕೇನ? ನಾ ಅಂತೂ ಬರೂದಿಲ್ಲ ಬಿಡು. ಹಂದರದಾಗ ನಿಂತು 'ಏ ಫಕೀರೀ' ಅಂತ ಒದರಿ ಗಿದರಿ ಬಿಟ್ಟರ ಏನ ಗತಿ!"

ಬರಲೇಬೇಕು, ಈಗಲೇ ಹೋಗಿ ಅವರಿಗೆ ಖರೇ ಹೇಳುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಮನೆಯ ಕಡೆಯಿಂದ ಸಿದ್ದಪ್ಪನ ನಗೆ ಕೇಳಿಸಿತು. ಒಳ್ಳೆಯ ಸಂಬಂಧ, ದೊಡ್ಡ ನಗೆ.

"ಛಲೋ ಆತು ಬಿಡ ಯಕ್ಕಾ," ಎಂದ. ಹೀಗಂದ ನಾಲಿಗೆ ತನ್ನದೇ ಎಂದು ಅವನಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಲಗ್ನ ಚೆನ್ನಾಗಿಯೇ ಆಯಿತು. ಬ್ಯಾಡಗಿಯ ನೆಂಟರು ಓಣಿ ತೋರಿಸೆಂದು ದುಂಬಾಲು ಬಿದ್ದರೆ, ಮಂಡಿನೋವೆಂದು ಕುಂಟಿ ತೋರಿಸಿದ. ಹೆಣ್ಣು ಕಳಿಸಿದ ಮೇಲೆ ಬುಂದೆ ಲಾಡು ಕಟ್ಟಿಕೊಂಡು ಗುಲ್ಜಾರಬಿಯ ಮನೆಗೆ ಹೋದ. ಆಕೆ ಗಂಟು ಬಿಚ್ಚಲಿಲ್ಲ.

"ಹೋಗೂ ಮುಂದ ಕೂಸು ಅತ್ತಿತೇನೋ?"

ಅವನಿಗೆ ಗೊತ್ತಿರಲಿಲ್ಲ. ಯಾರಾದರೂ ಹಳೆಯ ಹೆಸರು ಹಿಡಿದು ಕೂಗಿಯಾರೆಂದು ಓಣಿಯವರ ಬಾಯನ್ನೇ ಕಾಯುತ್ತ ನಿಂತಿದ್ದನಲ್ಲದೆ ಮಗಳ ಮುಖ ನೋಡಿರಲಿಲ್ಲ.

"ಅತ್ತಳು ಯಕ್ಕಾ," ಎಂದ. "ನಿನ್ನ ನೆನಸಿ ಅತ್ತಳು."