ತಳಕಲ್ ಗೇಟಿನ ದಿಕ್ಪಾಲಕ

ದಿಕ್ಕುಗಳನ್ನು ಕಾಯಲು ಎಂಟು ಮಂದಿಯನ್ನು ನೇಮಿಸಿದ ದೇವರು ತಳಕಲ್ ಸ್ಟೇಷನ್ನಿನ ಪಡುವಣಕ್ಕಿದ್ದ ರೈಲು ಗೇಟನ್ನು ಮರೆತುಬಿಟ್ಟಿದ್ದ. ಆ ಕೊರತೆಯನ್ನು ತುಂಬಿದವನು ದುರುಗಪ್ಪ. ಇಂದ್ರನಿಗೆ ಆನೆಯುಂಟು, ಯಮನಿಗೆ ಕೋಣವುಂಟು. ಈ ಒಂಬತ್ತನೆಯ ದಿಕ್ಪಾಲಕನಿಗೆ ವಾಹನ ಇರಲಿಲ್ಲ. ಉಳಿದವರ ವಾಹನಗಳನ್ನು ನಿಲ್ಲಿಸುವುದೇ ಅವನ ಉದ್ಯೋಗ. ಆಯುಧಗಳು ಎರಡು: ಹಸಿರು ಬಾವುಟ, ಕೆಂಪು ಬಾವುಟ. ಸೊಂಟದಲ್ಲಿ ಗೇಟಿನ ಕೀಲಿಕೈ. ಅರಮನೆ ಎಂದರೆ ಕಂಬಿಯ ಪಕ್ಕದ ಒಂದು ಗುಡಿಸಲು. ಗಾಡಿ ಬಂದಾಗಲೆಲ್ಲ ಅದರೊಳಗಿನ ಗಡಿಗೆಗಳು ತಾವೇ ತಾಳ ಹಾಕುತ್ತಿದ್ದವು.

ಅವನ ಧರ್ಮಶಾಸ್ತ್ರದಲ್ಲಿ ಇದ್ದದ್ದು ಮೂರೇ ಸೂತ್ರ. ಸ್ಟೇಷನ್ನಿನ ಸಿಗ್ನಲ್ ಕಂಬದ ಕೈಮರ ಬಾಗಿತೋ, ಗಾಡಿಗೆ ದಾರಿ ಬಿಟ್ಟಂತೆ; ಗೇಟು ಹಾಕಬೇಕು. ಗಾಡಿ ದಾಟುವ ತನಕ ತೆಗೆಯಬಾರದು. ಗಾಡಿ ದಾಟುವಾಗ ಕಟ್ಟಕಡೆಯ ಡಬ್ಬಿಯ ಬೆನ್ನಿಗೆ ತೂಗುಹಾಕಿದ ಹಲಗೆಯನ್ನು ಕಣ್ಣಾರೆ ನೋಡಬೇಕು. ಹಲಗೆ ಕಂಡರೆ ಗಾಡಿ ಇಡಿಯಾಗಿ ಹೋಯಿತು. ಕಾಣದಿದ್ದರೆ ಕೆಲವು ಡಬ್ಬಿಗಳು ಹಿಂದೆ ಎಲ್ಲೋ ಕಳಚಿ ಕಂಬಿಯ ಮೇಲೆ ಉಳಿದಿವೆ ಎಂದರ್ಥ.

ಒಮ್ಮೆ ದೊಡ್ಡ ಸಾಹೇಬರೊಬ್ಬರ ಟಾಂಗಾ ಗೇಟಿನ ಮುಂದೆ ನಿಂತಿತು. ಸಾಹೇಬರು ಇದು ನಿಜಾಮರ ರಾಜ್ಯ ಎಂಬುದನ್ನು ಉರ್ದುವಿನಲ್ಲಿ ನೆನಪಿಸಿದರು. ದುರುಗಪ್ಪ ಕೈಮುಗಿದು ಹೇಳಿದ: "ಹೌದ್ರಿ. ಆ ಕಡಿ ನೆಲಾ ನಿಜಾಮರದು, ಈ ಕಡಿ ನೆಲಾನೂ ನಿಜಾಮರದು. ನಡುವಿಂದಷ್ಟ ಗಾಡೀದ್ರಿ." ಸಾಹೇಬರು ಕಾದರು. ಕುದುರೆಯೂ ಕಾಯಿತು.

ಇಂಥ ವೀರನಿಗೆ ಹೆಣ್ಣು ಕೊಡುವವರು ಯಾರು? ಕಂಬಿಯ ಪಕ್ಕ ಮಗಳು ಬಾಳುವೆ ಮಾಡುವುದು ಹೇಗೆ ಎಂದು ಕಂಡಕಂಡ ಮನೆಯವರೆಲ್ಲ ಹಿಂದೆ ಸರಿದರು. ಮೂವತ್ತೈದು ದಾಟಿದ ಮೇಲೆ, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಯಲಬುರ್ಗಾ ಕಡೆಯ ವೆಂಕೋಬ ಎಂಬ ರೈತ ತನ್ನ ಮಗಳು ಹುಲಗೆಮ್ಮನನ್ನು ಕೊಡಲು ಒಪ್ಪಿದ. ಅವಳ ನಾಲಿಗೆಗೆ ಹೆದರಿ ಆ ಕಡೆಯೂ ವರಗಳು ಬಂದ ದಾರಿಯಲ್ಲೇ ಹೋಗುತ್ತಿದ್ದವಂತೆ. ಹೀಗೆ ಯಾರಿಗೂ ಬೇಡದ ಇಬ್ಬರು ಒಬ್ಬರಿಗೊಬ್ಬರು ದಕ್ಕುವ ಯೋಗ ಕೂಡಿಬಂತು. ಇದು ತಪ್ಪಿದರೆ ಇಬ್ಬರಿಗೂ ಇನ್ನೊಂದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ರಜೆ ಸಿಗಲಿಲ್ಲ. ಹಾಗಾಗಿ ಮದುವೆ ಗೇಟಿನ ಬಳಿಯೇ ಎಂದಾಯಿತು. ಗುಡಿಸಲ ಮುಂದೆ ಹಂದರ ಹಾಕಿದರು. ಬೀಗರಿಗೆ ಬಿಡಾರ ಎಲ್ಲಿ ಎಂಬ ಪ್ರಶ್ನೆ ಬಂದಾಗ ದುರುಗಪ್ಪನ ಸೋದರತ್ತೆ ಯಂಕವ್ವ ಕಂಬಿಯ ಆಚೆಯ ಹನುಮಪ್ಪನ ಗುಡಿಯನ್ನು ತೋರಿಸಿದಳು. ಅಕ್ಕಿಕಾಳು ಬೀಳುವ ತನಕ ಹೆಣ್ಣು ಗಂಡು ಮುಖ ನೋಡಬಾರದಲ್ಲ! "ನಡುವ ಕಂಬಿ ಐತಿ. ಗ್ವಾಡಿ ಕಟ್ಟಿಸಿದಂಗ ಆತು" ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು. ಮುಹೂರ್ತದ ಹೊತ್ತಿಗೆ ಯಾವ ಗಾಡಿಯೂ ಇಲ್ಲ ಎಂದು ದುರುಗಪ್ಪನೂ ಭರವಸೆ ಕೊಟ್ಟ. ಅವನು ಎಣಿಸಿದ್ದು ಪ್ಯಾಸೆಂಜರ್ ಗಾಡಿಗಳನ್ನು. ಗೂಡ್ಸ್ ಗಾಡಿ ಪಂಚಾಂಗ ನೋಡಿ ಹೊರಡುವುದಿಲ್ಲ.

ಮದುವೆಯ ದಿನ ಮದುಮಗ ಅರಿಶಿನ ಮೆತ್ತಿಕೊಂಡು, ಬಾಸಿಂಗ ಕಟ್ಟಿಕೊಂಡು ಸಿದ್ಧನಾದ. ಮದುಮಗನ ಕೈಯಲ್ಲಿ ಕಬ್ಬಿಣವಿರಬೇಕು. ಉಳಿದವರು ಕಠಾರಿ ಹಿಡಿದು ಅದರ ತುದಿಗೆ ನಿಂಬೆಹಣ್ಣು ಚುಚ್ಚುತ್ತಾರೆ; ಇವನು ಗೇಟಿನ ಕೀಲಿಕೈ ಹಿಡಿದ. ಅದಕ್ಕೆ ನಿಂಬೆಹಣ್ಣು ಚುಚ್ಚಲು ಬಾರದೆ ದಾರದಲ್ಲಿ ಕಟ್ಟಿದರು. ಆಚೆ ಗುಡಿಯಿಂದ ಹುಲಗೆಮ್ಮನ ಬಂಡಿ ಹಲಗೆವಾದ್ಯದ ಸದ್ದಿನೊಂದಿಗೆ ಹೊರಟಿತು. ಅದು ಗೇಟು ಮುಟ್ಟಲು ಇನ್ನೇನು ನಾಲ್ಕು ಮಾರು ಇತ್ತು, ಅಷ್ಟರಲ್ಲಿ ಕೈಮರ ಬಾಗಿತು.

ಹಸೆಮಣೆಯ ಮೇಲೆ ಕೂತವನು ಎದ್ದು ಓಡಿದ. ಬಾಸಿಂಗ ವಾಲಿತು, ಅರಿಶಿನ ಉದುರಿತು. ಎರಡೂ ಕಡೆಯ ಕದ ಎಳೆದು ಕೀಲಿ ಹಾಕಿ, ಹಸಿರು ಬಾವುಟ ಹಿಡಿದು ನಿಂತ. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದರು.

"ಅಳಿಯಂದ್ರ, ಬಂದಿರೋರು ನಾವು" ಎಂದ ವೆಂಕೋಬ, ಗೇಟಿನ ಆಚೆಯಿಂದ.

"ಗೊತ್ತೈತ್ರಿ ಮಾವಾರ. ಗಾಡಿ ದಾಟಲಿ."

"ಎಲ್ಲೈತಿ ಗಾಡಿ?"

ದುರುಗಪ್ಪ ಬಾವುಟದಿಂದ ಪಡುವಣಕ್ಕೆ ತೋರಿಸಿದ. ದೂರದ ಏರಿನಲ್ಲಿ ಹೊಗೆ ಕಾಣುತ್ತಿತ್ತು. ಎಲ್ಲರೂ ಹೊಗೆಯನ್ನು ನೋಡಿದರು. ಹೊಗೆ ಮೇಲಕ್ಕೆ ಹೋಗುತ್ತಿತ್ತೇ ಹೊರತು ಮುಂದಕ್ಕೆ ಬರುತ್ತಿರಲಿಲ್ಲ. ಹೊರೆ ಹೆಚ್ಚಾಗಿ ಇಂಜಿನ್ನು ಏರು ಹತ್ತಲಾರದೆ ನಿಂತುಬಿಟ್ಟಿತ್ತು.

"ಹೊಗಿ ಬಂದೈತಿ, ಗಾಡಿ ಬಂದಿಲ್ಲ. ಅದು ಅಲ್ಲೇ ಅಡಗಿ ಮಾಡಾಕ ಹತ್ತೇತೇನ?" ಎಂದ ವೆಂಕೋಬ. "ತೆಗೀರಿ. ಒಂದು ಬಂಡಿ ದಾಟಾಕ ಎಷ್ಟೊತ್ತು?"

"ಎತ್ತು ಕಂಬಿ ಮ್ಯಾಲೆ ಬೆದರಿ ನಿಂತ್ರ? ಬಂಡ್ಯಾಗಿರಾಕಿ ನಿಮ್ಮ ಮಗಳ್ರಿ."

"ನನ್ನ ಮಗಳಂತ ಈಗ ನೆನಪಾತೇನು?"

ಕಂಬಿ ರಿಪೇರಿಯ ಗ್ಯಾಂಗಿನ ಮೇಸ್ತ್ರಿ ಮರ್ದಾನಸಾಬ ಊಟಕ್ಕೆ ಬಂದಿದ್ದವನು ನಡುವೆ ಬಾಯಿ ಹಾಕಿದ. "ಬಾವುಟ ನಾ ಹಿಡೀತೀನಿ ದುರುಗ್ಯಾ, ನೀ ಹೋಗಿ ಕುಂದರು."

"ಕುಂತು ಏನ್ಮಾಡ್ಲಿ? ಹೆಣ್ಣು ಆ ಕಡಿ ಐತಿ."

ಹುಡುಗಿಯ ಸೋದರಮಾವ ಅವಳನ್ನು ಹೊತ್ತು ದಾಟಿಸುತ್ತೇನೆ ಎಂದು ಧೋತರ ಎತ್ತಿ ಕಟ್ಟಿದ. ದುರುಗಪ್ಪ ಕೆಂಪು ಬಾವುಟ ತೋರಿಸಿದ. ಸೋದರಮಾವ ಧೋತರ ಇಳಿಬಿಟ್ಟ. ಹಂದರದೊಳಗಿಂದ ಮದುವೆ ಮಾಡಿಸಲು ಬಂದಿದ್ದ ಆಚಾರ್ರು ಕೂಗಿ, ಮುಹೂರ್ತ ಜಾರುತ್ತಿದೆ, ಮುಂದಿನದು ಬರಬೇಕಾದರೆ ಮದುವೆಗೆ ಆಗದ ಮೂಢದ ದಿನಗಳು ಕಳೆಯಬೇಕು ಎಂದರು. ವೆಂಕೋಬನ ಮುಖ ಕೆಂಪಾಯಿತು.

"ಇವತ್ತ ಗೇಟಿಗಾಗಿ ನನ್ನ ಮಗಳನ್ನ ಹೊರಗ ನಿಲ್ಲಿಸಿದವ ನಾಳೆ ಒಳಗ ಕರ್ಕೊಳ್ತಾನಂತ ಏನು ಖಾತ್ರಿ? ಬಂಡಿ ತಿರುಗಿಸ್ರೋ."

ಬಂಡಿ ಹೊಡೆಯುವವನು ಹಗ್ಗ ಎಳೆದ. ದುರುಗಪ್ಪ ಗೇಟಿನ ಕದದ ಹತ್ತಿರ ಬಂದ. ಕೀಲಿಕೈ ಕೈಯಲ್ಲೇ ಇತ್ತು, ಒಮ್ಮೆ ತಿರುವಿದರೆ ಸಾಕಿತ್ತು. ನಿಂಬೆಹಣ್ಣು ಮಾತ್ರ ತೂಗಾಡಿತು, ಕೈ ತಿರುಗಲಿಲ್ಲ.

ಆಗ ಬಂಡಿಗೆ ಕಮಾನಿನಂತೆ ಕಟ್ಟಿದ್ದ ಕೊಲ್ಲಾರಿಯೊಳಗಿಂದ ಧ್ವನಿ ಬಂತು. ಮದುಮಗಳು ಮಾತಾಡಬಾರದು ಎಂಬ ಶಾಸ್ತ್ರ ಹುಲಗೆಮ್ಮನಿಗೂ ಗೊತ್ತಿತ್ತು. ಬಹಳ ಹೊತ್ತಿನಿಂದ ತಡೆದುಕೊಂಡಿದ್ದಳು.

"ಅಪ್ಪಾ, ಅಂತರಪಟ ಅಂದ್ರ ಏನು? ಹೆಣ್ಣು ಗಂಡಿನ ನಡುವ ಒಂದು ಮರಿ. ಮರಿ ಸರದ ಮ್ಯಾಲೆ ಅಕ್ಕಿಕಾಳು. ಹೌದಿಲ್ಲೋ?"

"ಹೌದು."

"ಮತ್ತ ಅಷ್ಟು ಉದ್ದಂದು ಮರಿ ಕಂಬಿ ಮ್ಯಾಲೆ ಬರಾಕ ಹತ್ತೈತಿ. ಅದು ಸರದ ಮ್ಯಾಲೆ ಕಾಳು ಹಾಕ್ರಿ. ಅರಿವಿ ತುಂಡು ಹಿಡದು ಕೈ ನೋಯಿಸ್ಕೊಳ್ಳೋದ್ಯಾಕ?"

ಎಲ್ಲರೂ ಆಚಾರ್ರ ಮುಖ ನೋಡಿದರು. ಆಚಾರ್ರು ಆಕಾಶ ನೋಡಿದರು, ಹಂದರದಾಚೆ ಬೇಯುತ್ತಿದ್ದ ಹುಗ್ಗಿಯ ಕಡೆ ನೋಡಿದರು. "ಅಂತರಪಟ ಬಟ್ಟೆಯದೇ ಆಗಿರಬೇಕು ಅಂತ ಎಲ್ಲೂ ಹೇಳಿಲ್ಲ" ಎಂದು ತೀರ್ಪು ಕೊಟ್ಟರು.

ಅಕ್ಕಿಕಾಳು ಹಂಚಿದರು. ಆಚೆಯವರಿಗೆ ಮರ್ದಾನಸಾಬ ರುಮಾಲಿನಲ್ಲಿ ಕಟ್ಟಿ ಕಂಬಿಯ ಮೇಲಿಂದ ಎಸೆದ. ಅಷ್ಟರಲ್ಲಿ ಇಂಜಿನ್ನಿಗೆ ಉಸಿರು ಬಂತು. ಹೊಗೆ ಅಲುಗಿತು, ಗಾಡಿ ಕಾಣಿಸಿತು. ಆಚಾರ್ರು ಮಂಗಳಾಷ್ಟಕವನ್ನು ಗಾಡಿಯ ವೇಗಕ್ಕೆ ಹೊಂದಿಸಿ, ಮೊದಲು ಎಳೆದೆಳೆದು, ಆಮೇಲೆ ಓಡಿಸಿ ಹೇಳಿದರು. ಬಾಸಿಂಗ ಕಟ್ಟಿಕೊಂಡು ಬಾವುಟ ಹಿಡಿದ ಗೇಟಿನವನನ್ನು ಕಂಡು ಡ್ರೈವರ್ ಮಕ್ಬುಲಸಾಬ ಸೀಟಿಯ ಸರಿಗೆ ಎಳೆದವನು ಬಿಡಲೇ ಇಲ್ಲ. ಅಂಥ ಮಂಗಳವಾದ್ಯ ಹಸ್ತಿನಾವತಿಯಲ್ಲೂ ಮೊಳಗಿರಲಾರದು. ಡಬ್ಬಿಗಳು ಒಂದರ ಹಿಂದೊಂದು ಸರಿದವು. ಕೊನೆಯ ಡಬ್ಬಿ ಸರಿದದ್ದೇ ಎರಡೂ ಕಡೆಯಿಂದ ಅಕ್ಕಿಕಾಳು ಹಾರಿತು; ಅರ್ಧದಷ್ಟು ಗಾರ್ಡನ ಮೀಸೆಗೆ ಸಂದಿತು.

ಮರೆ ಸರಿದೊಡನೆ ಮದುಮಗಳು ತಲೆಯೆತ್ತಿ ಗಂಡನನ್ನು ನೋಡಿದಳು. ಗಂಡ ಅವಳನ್ನು ನೋಡುತ್ತಿರಲಿಲ್ಲ. ಕತ್ತು ಸಂಪೂರ್ಣ ಮೂಡಣಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿ, ಗಾಡಿಯ ಬೆನ್ನಿನ ಹಲಗೆಯನ್ನು ನೋಡುತ್ತಿದ್ದ. ಏರಿನಲ್ಲಿ ಸೋತ ಗಾಡಿ ಒಮ್ಮೊಮ್ಮೆ ಅರ್ಧ ಡಬ್ಬಿಗಳನ್ನು ಹಿಂದೆಯೇ ಬಿಟ್ಟು ಬರುತ್ತದೆ. ಹಲಗೆ ಇತ್ತು. ಬಾವುಟ ಸುತ್ತಿ, ಕೀಲಿ ತೆಗೆದು, ಆಮೇಲೆ ಈ ಕಡೆ ತಿರುಗಿದ. ಅಷ್ಟರಲ್ಲಿ ಹುಲಗೆಮ್ಮ ತಲೆ ತಗ್ಗಿಸಿಬಿಟ್ಟಿದ್ದಳು.

ಕೊರಳಿಗೆ ತಾಳಿ ಬಿತ್ತು, ಊಟವಾಯಿತು. ಆದರೆ ಆ ಒಂದು ನೋಟದ ಮೊಕದ್ದಮೆ ಮುಗಿಯಲಿಲ್ಲ. ಮಕ್ಕಳಾದರೂ ನಡೆಯಿತು, ಕಂಪನಿಯ ರೈಲು ಸರ್ಕಾರದ್ದಾದಾಗಲೂ ನಡೆಯಿತು, ನಿಜಾಮರ ರಾಜ್ಯ ಹೋದಾಗಲೂ ನಡೆದೇ ಇತ್ತು. "ನನ್ನ ಗಂಡ ನನ್ನ ಮಾರಿ ನೋಡಿ ಮದುವಿ ಆಗಿಲ್ಲ, ಗಾಡಿ ಬಾಲ ನೋಡಿ ಆಗ್ಯಾನ" ಎಂದು ಗೇಟಿನಲ್ಲಿ ನಿಂತ ಬಂಡಿಯವರಿಗೆಲ್ಲ ಹೇಳುವಳು. ಕಾಯುವವರಿಗೂ ಹೊತ್ತು ಹೋಗಬೇಕಲ್ಲ. ಗಂಡ ಹಸಿದು ಬಂದರೆ ಒಲೆಯ ಮುಂದಿಂದಲೇ "ಕೈಮರ ಬಿದ್ದಿಲ್ರಿ, ನಿಂದರ್ರಿ" ಎನ್ನುವಳು. ಸಾಹೇಬರ ಟಾಂಗಾ ನಿಲ್ಲಿಸಿದವನು ರೊಟ್ಟಿಗಾಗಿ ಹೊಸ್ತಿಲಾಚೆ ನಿಲ್ಲುವನು.

ನಲವತ್ತೊಂಬತ್ತನೆಯ ಇಸವಿಯಲ್ಲಿ ದುರುಗಪ್ಪನ ನೌಕರಿ ಮುಗಿಯಿತು. ಹಾರ ಹಾಕಿದರು. ಬಾವುಟ, ಕೀಲಿಕೈ ಎರಡನ್ನೂ ಹೊಸಬ ಜಿಲಾನಸಾಬನಿಗೆ ಒಪ್ಪಿಸಿ ಈಚೆ ಬರುವಷ್ಟರಲ್ಲಿ ಸಂಜೆಯ ಪ್ಯಾಸೆಂಜರ್ ಬಂತು. ಹುಲಗೆಮ್ಮ ನೀರು ತರಲು ಹೋದವಳು ಆಚೆಯ ಗೇಟಿನಲ್ಲಿ ಕೊಡ ಹೊತ್ತು ನಿಂತಿದ್ದಳು. ಡಬ್ಬಿಗಳು ಸರಿದವು. ಹೊಸಬ ಕತ್ತು ತಿರುಗಿಸಿದ. ದುರುಗಪ್ಪನ ಕತ್ತೂ ಹಳೆಯ ಚಾಳಿಗೆ ಸ್ವಲ್ಪ ಹೊರಳಿತು. ಹೊರಳಿದ್ದು ಅರ್ಧಕ್ಕೇ ನಿಂತು, ತಿರುಗಿ ಎದುರಿಗೆ ಬಂತು.

ಗೇಟು ತೆಗೆದ ಮೇಲೆ ಹುಲಗೆಮ್ಮ ದಾಟಿ ಬಂದಳು.

"ಹಲಗಿ ಇತ್ತೇನ್ರಿ?" ಎಂದಳು.

"ನೋಡಲಿಲ್ಲ."

"ಮತ್ತ ಏನು ನೋಡಿದ್ರಿ?"

ದುರುಗಪ್ಪ ಅವಳ ತಲೆಯ ಮೇಲಿನ ಕೊಡಕ್ಕೆ ಕೈ ಹಾಕಿದ. ಹುಲಗೆಮ್ಮ ಕೊಡ ಇಳಿಸಿಕೊಟ್ಟಳು.

"ನಡೀರಿ ಒಳಗ" ಎಂದಳು. "ಇವತ್ತ ಕೈಮರ ಬಿದ್ದೈತಿ."